ಹೆಸ್ಕೆತ್ ಹೆಸ್ಕೆತ್-ಪ್ರಿಚರ್ಡ್

ಹೆಸ್ಕೆತ್ ವೆರ್ನನ್ ಹೆಸ್ಕೆತ್-ಪ್ರಿಚರ್ಡ್ (17 ನವೆಂಬರ್ 1876 – 14 ಜೂನ್ 1922) ಬ್ರಿಟನ್ನಿನ ಲೇಖಕರು, ಪರ್ಯಟಕರು, ಕ್ರಿಕೆಟ್ ಆಟಗಾರರು, ಬೇಟೆಗಾರರು ಮತ್ತು ಸೇನಾಧಿಕಾರಿ. ಭಾರತದ ಝಾನ್ಸಿಯಲ್ಲಿ ಜನಿಸಿದ ಇವರು ಪ್ಯಾಟಗೋನಿಯ ಹಾಗೂ ಲ್ಯಾಬ್ರಡಾರ್ ಪ್ರದೇಶಗಳ ಪ್ರವಾಸಗಳಿಂದಲೂ, ಹ್ಯಾಂಪ್‌ಶೈರ್ ಕೌಂಟಿ ತಂಡದ ವೇಗದ ಬೌಲರ್ ಆಗಿಯೂ, ಜನಪ್ರಿಯ ಕಥೆಗಳ ಕರ್ತೃವಾಗಿಯೂ ಹೆಸರಾಗಿದ್ದರು. ಆದರೆ ಇವರನ್ನು ಇಂದು ಮುಖ್ಯವಾಗಿ ನೆನೆಯುವುದು ಮೊದಲನೆಯ ಮಹಾಯುದ್ಧದಲ್ಲಿ ಮಾಡಿದ ಕೆಲಸಕ್ಕಾಗಿ. ಮರೆಯಲ್ಲಿದ್ದು ಗುರಿಯಿಟ್ಟು ಹೊಡೆಯುವ ಸ್ನೈಪರ್‌ಗಳಿಗೆ ಬ್ರಿಟಿಷ್ ಸೇನೆಯಲ್ಲಿ ಕ್ರಮಬದ್ಧ ತರಬೇತಿ ಆರಂಭಿಸಿದವರಲ್ಲಿ ಇವರು ಪ್ರಮುಖರು. ಸ್ಕೋಪ್ ಎಂದು ಕರೆಯಲಾಗುವ ದೂರದರ್ಶಕವನ್ನು ರೈಫಲಿಗೆ ಜೋಡಿಸಿದ ಮಾತ್ರಕ್ಕೆ ಆಯುಧ ಉತ್ತಮವಾಗುವುದಿಲ್ಲ. ಪ್ರತಿಯೊಂದು ರೈಫಲನ್ನೂ ಅದರ ಸ್ಕೋಪಿನೊಂದಿಗೆ ಪರೀಕ್ಷಿಸಿ, ಹೊಂದಿಸಿ, ಅದನ್ನು ಬಲ್ಲ ಒಬ್ಬನ ಕೈಗೆ ಒಪ್ಪಿಸಬೇಕು ಎಂಬುದನ್ನು ಇವರು ಯುದ್ಧರಂಗದಲ್ಲಿಯೇ ತೋರಿಸಿಕೊಟ್ಟರು.

ಜನನ ಮತ್ತು ಬಾಲ್ಯ

ಪ್ರಿಚರ್ಡರ ತಂದೆ ಬ್ರಿಟಿಷ್ ಸೇನೆಯ ಕಿಂಗ್ಸ್ ಓನ್ ಸ್ಕಾಟಿಷ್ ಬಾರ್ಡರರ್ಸ್ ದಳದ ಅಧಿಕಾರಿಯಾಗಿದ್ದು ಭಾರತದಲ್ಲಿ ಸೇವೆ ಸಲ್ಲಿಸುತ್ತಿದ್ದರು. ಮಗ ಹುಟ್ಟುವ ಕೆಲವೇ ವಾರಗಳ ಮೊದಲು ಅವರು ವಿಷಮಶೀತ ಜ್ವರದಿಂದ ತೀರಿಕೊಂಡರು. ಇಂದಿನ ಉತ್ತರ ಪ್ರದೇಶದಲ್ಲಿರುವ ಝಾನ್ಸಿಯಲ್ಲಿ 1876ರ ನವೆಂಬರ್ 17ರಂದು ಜನಿಸಿದ ಪ್ರಿಚರ್ಡರು ತಂದೆಯ ಮುಖವನ್ನು ಕಾಣಲಿಲ್ಲ. ತಾಯಿ ಕೇಟ್ ಪ್ರಿಚರ್ಡ್ ಎಳೆಯ ಮಗುವಿನೊಂದಿಗೆ ಬ್ರಿಟನ್ನಿಗೆ ಮರಳಿದರು. ಒಬ್ಬನೇ ಮಗನಾದ್ದರಿಂದ ತಾಯಿ ಮಗನ ನಡುವೆ ಗಾಢವಾದ ಬಾಂಧವ್ಯ ಬೆಳೆಯಿತು. ಮುಂದೆ ಅವರಿಬ್ಬರೂ ಜೊತೆಗೂಡಿ ಕಥೆ ಕಾದಂಬರಿಗಳನ್ನು ಬರೆದರು.

ವಿದ್ಯಾಭ್ಯಾಸ ಮತ್ತು ಆರಂಭಿಕ ಬರವಣಿಗೆ

1887ರಲ್ಲಿ ವಿದ್ಯಾರ್ಥಿವೇತನ ಪಡೆದು ಪ್ರಿಚರ್ಡರು ಎಡಿನ್‌ಬರೋ ನಗರದ ಫೆಟ್ಟೆಸ್ ಕಾಲೇಜು ಎಂಬ ಶಾಲೆಯನ್ನು ಸೇರಿದರು. ಅಲ್ಲಿ ಕ್ರೀಡೆಗಳಲ್ಲಿ, ಅದರಲ್ಲಿಯೂ ಕ್ರಿಕೆಟ್ಟಿನಲ್ಲಿ ಮುಂದಿದ್ದರು. ಶಾಲೆಯ ನಂತರ ಕಾನೂನು ಓದಲು ತೊಡಗಿದರಾದರೂ ವಕೀಲಿ ವೃತ್ತಿಯನ್ನು ಕೈಗೊಳ್ಳಲಿಲ್ಲ. 1896ರಲ್ಲಿ ಇವರ ಮೊದಲ ಕಥೆಯನ್ನು ಪಾಲ್ ಮಾಲ್ ನಿಯತಕಾಲಿಕೆಯು ಸ್ವೀಕರಿಸಿತು.

ತಾಯಿ ಮಗ ಇಬ್ಬರೂ ಇ. ಮತ್ತು ಎಚ್. ಹೆರಾನ್ ಎಂಬ ಗುಪ್ತನಾಮದಲ್ಲಿ ಬರೆದ ಫ್ಲ್ಯಾಕ್ಸ್‌ಮನ್ ಲೋ ಕಥೆಗಳು 1898 ಮತ್ತು 1899ರಲ್ಲಿ ಪ್ರಕಟವಾದವು. ದೆವ್ವಭೂತಗಳ ಪ್ರಕರಣಗಳನ್ನು ತನಿಖೆ ಮಾಡುವ ಪತ್ತೇದಾರನನ್ನು ನಾಯಕನನ್ನಾಗಿಸಿದ ಆರಂಭದ ಕಥೆಗಳಲ್ಲಿ ಇವೂ ಸೇರಿವೆ. ಈ ಅವಧಿಯಲ್ಲಿ ಆರ್ಥರ್ ಕಾನನ್ ಡಾಯ್ಲ್ ಮತ್ತು ಜೆ. ಎಂ. ಬ್ಯಾರಿ ಅವರ ಸ್ನೇಹ ಪ್ರಿಚರ್ಡರಿಗೆ ದೊರೆಯಿತು. ತಾಯಿಯೊಡನೆ ಸೃಷ್ಟಿಸಿದ ಡಾನ್ ಕ್ಯೂ ಎಂಬ ಸ್ಪೇನಿನ ಡಕಾಯಿತನ ಪಾತ್ರವು ಬಹಳ ಜನಪ್ರಿಯವಾಯಿತು. ಈ ಸರಣಿಯ ಒಂದು ಕಾದಂಬರಿಯನ್ನು ಆಧರಿಸಿ 1925ರಲ್ಲಿ ಡಗ್ಲಾಸ್ ಫೇರ್‌ಬ್ಯಾಂಕ್ಸ್ ನಾಯಕರಾಗಿ ನಟಿಸಿದ ಮೂಕಿ ಚಲನಚಿತ್ರ ತೆರೆಕಂಡಿತು.

ಪ್ರವಾಸಗಳು

1899ರಲ್ಲಿ ಪತ್ರಿಕೋದ್ಯಮಿ ಆರ್ಥರ್ ಪಿಯರ್ಸನ್ ಅವರ ಪರವಾಗಿ ಪ್ರಿಚರ್ಡರು ಕೆರಿಬಿಯನ್ ಸಮುದ್ರದ ಹೈಟಿ ದೇಶಕ್ಕೆ ತೆರಳಿ ಅದರ ಒಳನಾಡಿನಲ್ಲಿ ಸಂಚರಿಸಿದರು. ಈ ಪ್ರವಾಸವನ್ನು ಕುರಿತು 1900ರಲ್ಲಿ ಪ್ರಕಟವಾದ ಅವರ ಗ್ರಂಥವು ಅಂದು ಓದುಗರ ಗಮನ ಸೆಳೆಯಿತು. ಆದರೆ ಕಪ್ಪು ಜನರು ತಮ್ಮನ್ನು ತಾವೇ ಆಳಿಕೊಳ್ಳಲು ಸಮರ್ಥರಲ್ಲ ಎಂಬ ಆ ಗ್ರಂಥದ ವಾದವು ವಸಾಹತು ಕಾಲದ ಜನಾಂಗೀಯ ಪೂರ್ವಗ್ರಹದ ಉದಾಹರಣೆಯಾಗಿ ಇಂದು ಟೀಕೆಗೆ ಒಳಗಾಗಿದೆ.

ಎರಡನೆಯ ದೊಡ್ಡ ಪ್ರವಾಸ ದಕ್ಷಿಣ ಅಮೆರಿಕದ ಪ್ಯಾಟಗೋನಿಯಕ್ಕೆ. ಅಲ್ಲಿನ ಗುಹೆಯೊಂದರಲ್ಲಿ 1895ರಲ್ಲಿ ದೈತ್ಯಾಕಾರದ ನೆಲವಾಸಿ ಸ್ಲಾತ್ ಪ್ರಾಣಿಯಾದ ಮೈಲೊಡಾನಿನ ಚರ್ಮ ಸಿಕ್ಕಿತ್ತು. ಶೀತಲವಾದ ಒಣ ಹವೆಯಿಂದಾಗಿ ಅದು ತೀರ ಇತ್ತೀಚಿನದೆಂಬಂತೆ ತೋರುತ್ತಿತ್ತು. ಆ ಪ್ರಾಣಿ ಇನ್ನೂ ಜೀವಂತವಾಗಿರಬಹುದೆಂಬ ಊಹೆ ವಿಜ್ಞಾನಿಗಳಲ್ಲಿಯೂ ಹುಟ್ಟಿತು. ಡೈಲಿ ಎಕ್ಸ್‌ಪ್ರೆಸ್ ಪತ್ರಿಕೆಯ ನೆರವಿನಿಂದ 1900ರಲ್ಲಿ ಹೊರಟ ಪ್ರಿಚರ್ಡರು ಬಹುದೂರ ಸಂಚರಿಸಿದರೂ ಮೈಲೊಡಾನಿನ ಸುಳಿವು ಸಿಗಲಿಲ್ಲ. ಅದು ಬದುಕಿರುವ ಸಾಧ್ಯತೆ ಇಲ್ಲವೆಂಬ ತೀರ್ಮಾನಕ್ಕೆ ಬಂದು, ಆ ನಾಡಿನ ಪ್ರಾಣಿ, ಸಸ್ಯ ಮತ್ತು ಜನಜೀವನವನ್ನು ಕುರಿತ ಗ್ರಂಥವನ್ನು 1902ರಲ್ಲಿ ಪ್ರಕಟಿಸಿದರು. 1910ರಲ್ಲಿ ಕೆನಡಾದ ಪೂರ್ವತೀರದ ಲ್ಯಾಬ್ರಡಾರಿನ ಒಳನಾಡನ್ನು ಹೊಕ್ಕು ಜಾರ್ಜ್ ನದಿಯವರೆಗೆ ಸಾಗಿದರು. ಈ ಪ್ರವಾಸದ ಕಥನ ಮರುವರ್ಷ ಹೊರಬಂದಿತು.

ಕ್ರಿಕೆಟ್

ಆರು ಅಡಿ ನಾಲ್ಕು ಅಂಗುಲ ಎತ್ತರದ ಪ್ರಿಚರ್ಡರು ಬಲಗೈ ವೇಗದ ಬೌಲರ್ ಆಗಿದ್ದರು. 1900ರಿಂದ 1913ರವರೆಗೆ ಹ್ಯಾಂಪ್‌ಶೈರ್ ತಂಡದ ಪರವಾಗಿ ಆಡಿದರು. ಪ್ರಥಮ ದರ್ಜೆಯ ಪಂದ್ಯಗಳಲ್ಲಿ ಒಟ್ಟು 300ಕ್ಕೂ ಹೆಚ್ಚು ವಿಕೆಟ್‌ಗಳನ್ನು ಗಳಿಸಿದರು. 1904ರ ಋತುವೊಂದರಲ್ಲಿಯೇ ನೂರರ ಗಡಿ ದಾಟಿದರು. 1905ರಲ್ಲಿ ಲಾರ್ಡ್ ಬ್ರ್ಯಾಕ್ಲಿ ಅವರ ತಂಡದೊಂದಿಗೆ ವೆಸ್ಟ್ ಇಂಡೀಸ್ ಪ್ರವಾಸ ಮಾಡಿದರು. 1907ರಲ್ಲಿ ಉತ್ತರ ಅಮೆರಿಕಕ್ಕೆ ತೆರಳಿದ ಎಂ.ಸಿ.ಸಿ. ತಂಡದ ನಾಯಕರಾಗಿದ್ದರು. ಪ್ರವಾಸ ಹಾಗೂ ಬರವಣಿಗೆಯ ಕಾರಣದಿಂದ ಹಲವು ಋತುಗಳಲ್ಲಿ ಅವರಿಗೆ ಪೂರ್ಣಾವಧಿ ಆಡಲಾಗಲಿಲ್ಲ.

ಬೇಟೆ ಮತ್ತು ವನ್ಯಜೀವಿ ಸಂರಕ್ಷಣೆ

ಪ್ರಿಚರ್ಡರು ತಮ್ಮ ಕಾಲದ ಹೆಸರಾಂತ ರೈಫಲ್ ಬೇಟೆಗಾರರಾಗಿದ್ದರು. ಬಯಲಿನಲ್ಲಿ ಪ್ರಾಣಿಯ ಕಣ್ಣಿಗೆ ಬೀಳದಂತೆ ತೆವಳಿ ಸಮೀಪಿಸುವುದು, ದೂರದರ್ಶಕದಿಂದ ಗಂಟೆಗಟ್ಟಲೆ ಬೆಟ್ಟದ ಇಳಿಜಾರನ್ನು ಪರಿಶೀಲಿಸುವುದು, ಬೆಳಕು ಮತ್ತು ಗಾಳಿಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದು ಮುಂತಾದ ಬೇಟೆಯ ಕೌಶಲಗಳು ಅವರಿಗೆ ಕರಗತವಾಗಿದ್ದವು. ಅದೇ ವೇಳೆ ಪ್ರಾಣಿಗಳ ಅನಿಯಂತ್ರಿತ ಹತ್ಯೆಯನ್ನು ಅವರು ವಿರೋಧಿಸಿದರು. ಬ್ರಿಟನ್ನಿನ ಕರಾವಳಿಯಲ್ಲಿ ಬೂದು ಬಣ್ಣದ ಸೀಲ್‌ಗಳು ನಶಿಸುತ್ತಿರುವುದನ್ನು ಕುರಿತು ಬರೆದು ಜನಾಭಿಪ್ರಾಯ ರೂಪಿಸಿದರು. 1914ರಲ್ಲಿ ಬ್ರಿಟಿಷ್ ಸಂಸತ್ತು ಅಂಗೀಕರಿಸಿದ ಬೂದು ಸೀಲ್ ರಕ್ಷಣಾ ಕಾಯಿದೆಯು ಅಕ್ಟೋಬರ್ 1ರಿಂದ ಡಿಸೆಂಬರ್ 15ರವರೆಗಿನ ಮರಿ ಹಾಕುವ ಅವಧಿಯಲ್ಲಿ ಅವುಗಳನ್ನು ಕೊಲ್ಲುವುದನ್ನು ನಿಷೇಧಿಸಿತು.

ವೈಯಕ್ತಿಕ ಜೀವನ

1908ರಲ್ಲಿ ಪ್ರಿಚರ್ಡರು ವೆರುಲಮ್‌ನ ಮೂರನೆಯ ಅರ್ಲ್ ಅವರ ಪುತ್ರಿ ಲೇಡಿ ಎಲಿಜಬೆತ್ ಗ್ರಿಮ್‌ಸ್ಟನ್ ಅವರನ್ನು ವಿವಾಹವಾದರು. ದಂಪತಿಗೆ ಇಬ್ಬರು ಗಂಡುಮಕ್ಕಳು, ಒಬ್ಬಳು ಮಗಳು. ಮಕ್ಕಳಲ್ಲಿ ಆಲ್ಫ್‌ಗರ್ ಎರಡನೆಯ ಮಹಾಯುದ್ಧದಲ್ಲಿ ಬ್ರಿಟನ್ನಿನ ಗುಪ್ತ ಕಾರ್ಯಾಚರಣೆಯ ಅಧಿಕಾರಿಯಾಗಿ ದುಡಿದು 1944ರಲ್ಲಿ ಮೃತರಾದರು.

ಮೊದಲನೆಯ ಮಹಾಯುದ್ಧ

1914ರ ಆಗಸ್ಟ್‌ನಲ್ಲಿ ಯುದ್ಧ ಆರಂಭವಾದಾಗ ಪ್ರಿಚರ್ಡರಿಗೆ 37 ವರ್ಷ. ಕಾದಾಡುವ ದಳಗಳನ್ನು ಸೇರಲು ಅವರು ಮಾಡಿದ ಪ್ರಯತ್ನಗಳು ವಯಸ್ಸಿನ ಕಾರಣದಿಂದ ಕೈಗೂಡಲಿಲ್ಲ. ಕೊನೆಗೆ 1915ರಲ್ಲಿ ಯುದ್ಧ ವರದಿಗಾರರನ್ನು ಕರೆದೊಯ್ಯುವ ಅಧಿಕಾರಿಯಾಗಿ ಫ್ರಾನ್ಸ್ ತಲುಪಿದರು. ಈ ಹುದ್ದೆಯಿಂದಾಗಿ ಮುಂಚೂಣಿಯ ಅನೇಕ ಭಾಗಗಳನ್ನು ಹತ್ತಿರದಿಂದ ನೋಡುವ ಅವಕಾಶ ಅವರಿಗೆ ದೊರೆಯಿತು.

ಆ ವೇಳೆಗೆ ಪಶ್ಚಿಮ ರಣರಂಗದ ಯುದ್ಧ ಕಂದಕಗಳಲ್ಲಿ ಸ್ತಬ್ಧವಾಗಿತ್ತು. ಕೆಲವೆಡೆ ಎರಡೂ ಪಕ್ಷಗಳ ಕಂದಕಗಳ ನಡುವಣ ಅಂತರ ನೂರು ಗಜಕ್ಕೂ ಕಡಿಮೆ. ದೊಡ್ಡ ಕದನಗಳಿಲ್ಲದ ದಿನಗಳಲ್ಲಿಯೂ ಕಂದಕದಿಂದ ತಲೆ ಎತ್ತಿದ ಸೈನಿಕರು ಜರ್ಮನ್ ಸ್ನೈಪರ್‌ಗಳ ಗುಂಡಿಗೆ ಬಲಿಯಾಗುತ್ತಿದ್ದರು. ಬೇಟೆಯ ಪರಂಪರೆ ಬಲವಾಗಿದ್ದ ಜರ್ಮನಿಯಲ್ಲಿ ಯುದ್ಧದ ಆರಂಭದಲ್ಲಿಯೇ ಬೇಟೆಗಾರರ ಸ್ಕೋಪ್ ರೈಫಲ್‌ಗಳನ್ನು ಸಂಗ್ರಹಿಸಲಾಗಿತ್ತು. ಜೈಸ್, ಗೆರ್ಟ್ಸ್ ಮುಂತಾದ ದೃಕ್ ಉಪಕರಣ ಕಂಪನಿಗಳೂ ಅಲ್ಲಿದ್ದವು. ಜರ್ಮನ್ನರು ಉಕ್ಕಿನ ಫಲಕಗಳ ಹಿಂದೆ ಕುಳಿತು ಹೊಡೆಯುತ್ತಿದ್ದರು. ಆ ಫಲಕಗಳನ್ನು ಬ್ರಿಟಿಷ್ ಸೈನಿಕರ ಸಾಮಾನ್ಯ ಗುಂಡುಗಳು ಭೇದಿಸುತ್ತಿರಲಿಲ್ಲ. ಬ್ರಿಟಿಷರ ಬಳಿ ಸ್ಕೋಪ್‌ಗಳು ಕಡಿಮೆ. ಇದ್ದವನ್ನು ಬಳಸಬಲ್ಲವರು ಇನ್ನೂ ಕಡಿಮೆ.

ಈ ಸ್ಥಿತಿಯನ್ನು ಕಂಡ ಪ್ರಿಚರ್ಡರು ರಜೆಯಲ್ಲಿ ಊರಿಗೆ ಹೋದಾಗ ತಮ್ಮ ಹಣದಿಂದಲೂ ಸ್ನೇಹಿತರಿಂದ ಎರವಲು ಪಡೆದೂ ಸ್ಕೋಪ್‌ಗಳನ್ನು ಹಾಗೂ ದೊಡ್ಡ ಪ್ರಾಣಿಗಳ ಬೇಟೆಗೆ ಬಳಸುವ ಭಾರಿ ರೈಫಲ್‌ಗಳನ್ನು ತಂದರು. ಭಾರಿ ರೈಫಲ್‌ಗಳ ಗುಂಡುಗಳು ಉಕ್ಕಿನ ಫಲಕವನ್ನು ತೂರಿ ಹೋಗುತ್ತಿದ್ದವು. ಮೊದಮೊದಲು ಇದು ಅವರ ಸ್ವಂತ ಉತ್ಸಾಹದ ಕೆಲಸವಾಗಿತ್ತು. ಕ್ರಮೇಣ ಅಧಿಕಾರಿಗಳ ಒಪ್ಪಿಗೆ ದೊರೆತು, ಒಂದು ದಳದಿಂದ ಇನ್ನೊಂದಕ್ಕೆ ಸಂಚರಿಸುತ್ತ ಸ್ನೈಪರ್‌ಗಳಿಗೆ ಕಲಿಸುವ ಹೊಣೆಯನ್ನು ಅವರಿಗೆ ವಹಿಸಲಾಯಿತು.

ಅಂದಿನ ಸ್ಕೋಪ್‌ಗಳು

ಪ್ರಿಚರ್ಡರ ಕೆಲಸದ ಮಹತ್ವವನ್ನು ಅರಿಯಲು ಅಂದಿನ ಸ್ಕೋಪ್‌ಗಳ ಸ್ವರೂಪವನ್ನು ತಿಳಿಯುವುದು ಅಗತ್ಯ. ಸೇನೆಗಳು ಬಳಸಿದ ಬಹುತೇಕ ಸ್ಕೋಪ್‌ಗಳು ಸ್ಥಿರ ವರ್ಧನೆಯವು. ಅಂದರೆ ದೃಶ್ಯವನ್ನು ಎಷ್ಟು ಪಟ್ಟು ದೊಡ್ಡದಾಗಿ ತೋರಿಸಬೇಕೆಂಬುದು ತಯಾರಿಕೆಯಲ್ಲಿಯೇ ನಿಗದಿಯಾಗಿದ್ದು, ಬಳಸುವವನು ಅದನ್ನು ಬದಲಿಸುವಂತಿರಲಿಲ್ಲ. ಪೆರಿಸ್ಕೋಪಿಕ್ ಪ್ರಿಸಂ ಮತ್ತು ಆಲ್ಡಿಸ್ ಕಂಪನಿಗಳ ಬ್ರಿಟಿಷ್ ಸ್ಕೋಪ್‌ಗಳ ವರ್ಧನೆ ಸುಮಾರು 2ರಿಂದ 3 ಪಟ್ಟು, ಜರ್ಮನ್ ಸ್ಕೋಪ್‌ಗಳದ್ದು ಸಾಮಾನ್ಯವಾಗಿ 3ರಿಂದ 4 ಪಟ್ಟು, ಅಮೆರಿಕದ ವಿಂಚೆಸ್ಟರ್ ಎ5 ಮಾದರಿಯದ್ದು 5 ಪಟ್ಟು ಇತ್ತು. ಇವಲ್ಲದೆ ರೈಫಲಿನ ಮೂತಿಯ ಬಳಿ ಒಂದು ಪೀನ ಮಸೂರ, ಕಣ್ಣಿನ ಕಡೆಗೆ ಒಂದು ಚಿಕ್ಕ ನಿಮ್ನ ಮಸೂರವನ್ನಷ್ಟೇ ಕೂಡಿಸಿದ ಗೆಲಿಲಿಯೋ ಮಾದರಿಯ ಸಾಧನಗಳನ್ನೂ ಬ್ರಿಟಿಷರು ಬಳಸಿದರು. ಇವುಗಳಿಗೆ ಕೊಳವೆ ಇರಲಿಲ್ಲ. ದೃಷ್ಟಿಕ್ಷೇತ್ರ ತೀರ ಕಿರಿದಾಗಿತ್ತು. ಮಳೆ ಮತ್ತು ಕೆಸರಿನಿಂದ ರಕ್ಷಣೆಯೂ ಇರಲಿಲ್ಲ.

ಕಡಿಮೆ ವರ್ಧನೆ ದೋಷವೇ ಆಗಿರಲಿಲ್ಲ. ಮುಂದಿನ ಮಸೂರದ ವ್ಯಾಸವನ್ನು ವರ್ಧನೆಯಿಂದ ಭಾಗಿಸಿದರೆ ಕಣ್ಣಿಗೆ ತಲುಪುವ ಬೆಳಕಿನ ಕಂಬದ ಅಗಲ ಸಿಗುತ್ತದೆ. 20 ಮಿಲಿಮೀಟರ್ ಮಸೂರದ 4 ಪಟ್ಟು ಸ್ಕೋಪಿನಲ್ಲಿ ಅದು 5 ಮಿಲಿಮೀಟರ್. ಅದೇ ಮಸೂರಕ್ಕೆ 10 ಪಟ್ಟು ವರ್ಧನೆ ಕೊಟ್ಟರೆ ಬರೇ 2 ಮಿಲಿಮೀಟರ್. ಮಬ್ಬು ಬೆಳಕಿನಲ್ಲಿ ಕಣ್ಣಿನ ಪಾಪೆ ಹಿಗ್ಗುವುದರಿಂದ ಅಗಲವಾದ ಕಂಬವು ದೃಶ್ಯವನ್ನು ಹೆಚ್ಚು ಬೆಳಗಿಸುತ್ತದೆ. ಹೀಗಾಗಿ ಮುಂಜಾನೆ ಮತ್ತು ಮುಸ್ಸಂಜೆಯ ಹೊತ್ತಿನಲ್ಲಿ, ಬರಿಗಣ್ಣಿಗೆ ರೈಫಲಿನ ಗುರಿಮೊನೆಯೇ ಕಾಣದಾದಾಗಲೂ, ಸ್ಕೋಪ್ ಉಳ್ಳವನು ಹೊಡೆಯಬಲ್ಲವನಾಗಿದ್ದ. ಕಡಿಮೆ ವರ್ಧನೆಯಲ್ಲಿ ದೃಷ್ಟಿಕ್ಷೇತ್ರ ವಿಶಾಲವಾಗಿರುವುದು ಮತ್ತು ಕೈನಡುಕ ದೊಡ್ಡದಾಗಿ ಕಾಣದಿರುವುದು ಇನ್ನೆರಡು ಅನುಕೂಲಗಳು.

ಇತಿಮಿತಿಗಳೂ ಇದ್ದವು. ಪ್ರತಿಫಲನ ತಡೆಯುವ ಲೇಪನ ಬಂದದ್ದು 1930ರ ದಶಕದಲ್ಲಿ. ಅದಕ್ಕೆ ಹಿಂದಿನ ಮಸೂರಗಳ ಪ್ರತಿಯೊಂದು ಮೇಲ್ಮೈಯಲ್ಲಿಯೂ ಸುಮಾರು ಶೇಕಡ 4ರಷ್ಟು ಬೆಳಕು ನಷ್ಟವಾಗುತ್ತಿತ್ತು. ಅಂತಹ ಹತ್ತು ಮೇಲ್ಮೈಗಳಿದ್ದರೆ ಹೆಚ್ಚುಕಡಿಮೆ ಮೂರನೆಯ ಒಂದು ಭಾಗ ಬೆಳಕು ಕಣ್ಣನ್ನು ತಲುಪುತ್ತಿರಲಿಲ್ಲ. ತೇವ ಒಳಹೊಕ್ಕರೆ ಮಸೂರದ ಒಳಭಾಗ ಮಂಜು ಹಿಡಿಯುತ್ತಿತ್ತು. ಎದುರು ಬಿಸಿಲು ಬಿದ್ದರೆ ಮುಂದಿನ ಮಸೂರ ಮಿನುಗಿ ಅಡಗಿದ್ದವನ ಸ್ಥಳವನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು.

ಸ್ಕೋಪ್ ರೈಫಲ್‌ಗಳ ಪರೀಕ್ಷೆ

ದಳದಿಂದ ದಳಕ್ಕೆ ಹೋಗುತ್ತಿದ್ದ ಪ್ರಿಚರ್ಡರು ಅಲ್ಲಿನ ಸ್ಕೋಪ್ ರೈಫಲ್‌ಗಳನ್ನು ಮುಂಚೂಣಿಯ ಹಿಂದಿನ ಬಯಲಿಗೆ ತರಿಸಿ, ಕಾಗದದ ಗುರಿಗೆ ಹೊಡೆಸಿ ಪರೀಕ್ಷಿಸಿದರು. ಅವುಗಳಲ್ಲಿ ಬಹುಪಾಲು ಗುರಿ ತಪ್ಪಿದ್ದವು. ಸ್ಕೋಪಿನಲ್ಲಿ ತಲೆಯೊಂದರ ಮೇಲೆ ಗುರಿಯಿಟ್ಟು ಹೊಡೆದರೆ ಗುಂಡು ಅದನ್ನು ಮುಟ್ಟದೆ ಪಕ್ಕದಲ್ಲಿಯೋ ಮೇಲೆಯೋ ಹೋಗುತ್ತಿತ್ತು. ಹೀಗೆ ತಪ್ಪಿದ ಗುಂಡು ವ್ಯರ್ಥವಾಗುವುದಷ್ಟೇ ಅಲ್ಲ, ಹೊಡೆದವನ ಸ್ಥಳವನ್ನು ಬಯಲುಮಾಡಿ ಅವನ ಪ್ರಾಣಕ್ಕೇ ಸಂಚಕಾರ ತರುತ್ತಿತ್ತು.

ಇದಕ್ಕೆ ಕಾರಣಗಳು ಹಲವು. ಸ್ಕೋಪ್ ನೀಡಿದರೂ ಬಳಕೆಯನ್ನು ಕಲಿಸಿರಲಿಲ್ಲ. ದೂರಕ್ಕೆ ತಕ್ಕಂತೆ ತಿರುಗಿಸಬೇಕಾದ ಅಂಕಿಗಳುಳ್ಳ ತಿರುಗಣೆಯನ್ನು ಕುತೂಹಲಕ್ಕೆ ತಿರುಗಿಸಿ ಹಾಗೆಯೇ ಬಿಟ್ಟವರಿದ್ದರು. ಕೆಲವೆಡೆ ದಳ ಬದಲಾದಾಗ ರೈಫಲನ್ನು ಕಂದಕದ ಇತರ ಸಾಮಾನುಗಳೊಂದಿಗೆ ಮುಂದಿನವರಿಗೆ ಒಪ್ಪಿಸಲಾಗುತ್ತಿತ್ತು; ಒಬ್ಬನ ಕಣ್ಣಿಗೂ ಕೆನ್ನೆಗೂ ಹೊಂದಿಸಿದ್ದನ್ನು ಇನ್ನೊಬ್ಬನು ಪರೀಕ್ಷಿಸದೆ ಬಳಸುತ್ತಿದ್ದ. ಜೋಡಣೆಯ ತಿರುಪುಗಳು ಗುಂಡಿನ ಹಿನ್ನೂಕಿಗೆ ಸಡಿಲಗೊಳ್ಳುತ್ತಿದ್ದವು. ಹೊರಗಿನಿಂದ ನೋಡಿದರೆ ಯಾವ ದೋಷವೂ ಕಾಣುತ್ತಿರಲಿಲ್ಲ. ಮಸೂರ ಸ್ವಚ್ಛವಾಗಿರುತ್ತಿತ್ತು, ದೃಶ್ಯ ನಿಚ್ಚಳವಾಗಿರುತ್ತಿತ್ತು. ಸ್ಕೋಪಿನ ಮೌಲ್ಯವನ್ನು ಅದರೊಳಗೆ ಕಾಣುವ ಚಿತ್ರದಿಂದ ಅಳೆಯಲಾಗದು, ಕಾಗದದ ಮೇಲೆ ಗುಂಡುಗಳು ಒಂದೇ ಕಡೆ ಗುಂಪಾಗಿ ಬೀಳುತ್ತವೆಯೇ ಎಂಬುದರಿಂದಲೇ ಅಳೆಯಬೇಕು ಎಂಬ ಪಾಠ ಈ ಪರೀಕ್ಷೆಗಳಿಂದ ಸ್ಪಷ್ಟವಾಯಿತು.

ಇನ್ನೊಂದು ದೋಷ ವಿನ್ಯಾಸದಲ್ಲಿಯೇ ಇತ್ತು. ಬ್ರಿಟಿಷ್ ರೈಫಲಿಗೆ ಐದು ಗುಂಡುಗಳ ಪಟ್ಟಿಯನ್ನು ಮೇಲಿನಿಂದ ತುಂಬಬೇಕಾಗಿದ್ದರಿಂದ ಸ್ಕೋಪನ್ನು ನಳಿಕೆಯ ನೇರ ಮೇಲೆ ಇಡದೆ ಎಡಬದಿಗೆ ಜೋಡಿಸಲಾಗಿತ್ತು. ನಿಧಾನವಾಗಿ ಒಂದೊಂದೇ ಗುಂಡು ಹಾರಿಸುವ ಸ್ನೈಪರ್‌ಗೆ ಪಟ್ಟಿಯಿಂದ ಗುಂಡು ತುಂಬುವ ಅನುಕೂಲ ಅಷ್ಟೇನೂ ಮುಖ್ಯವಲ್ಲ. ಆದರೆ ಬದಿಯ ಜೋಡಣೆಯ ತೊಂದರೆಗಳು ದೊಡ್ಡವು. ಉಕ್ಕಿನ ಫಲಕದ ಕಿರಿದಾದ ಕಿಂಡಿಯಲ್ಲಿ ನಳಿಕೆ ತೂರಿಸಿದರೆ ಸ್ಕೋಪಿಗೆ ಫಲಕವೇ ಅಡ್ಡವಾಗುತ್ತಿತ್ತು. ಸ್ಕೋಪಿಗೆ ದಾರಿ ಮಾಡಿಕೊಟ್ಟರೆ ನಳಿಕೆ ಫಲಕಕ್ಕೆ ಎದುರಾಗುತ್ತಿತ್ತು. ನೋಟದ ರೇಖೆಯೂ ಗುಂಡಿನ ರೇಖೆಯೂ ಪಕ್ಕಪಕ್ಕದಲ್ಲಿ ಹೊರಟು ಒಂದು ನಿಗದಿತ ದೂರದಲ್ಲಿ ಮಾತ್ರ ಕೂಡುತ್ತಿದ್ದವು. 200 ಗಜಕ್ಕೆ ಹೊಂದಿಸಿದ ರೈಫಲಿನಲ್ಲಿ 100 ಗಜಕ್ಕೆ ಆ ಅಂತರದ ಅರ್ಧ ಉಳಿದಿರುತ್ತದೆ. 400 ಗಜಕ್ಕೆ ಗುಂಡು ಅಷ್ಟೇ ಅಂತರದಲ್ಲಿ ಎದುರು ಬದಿಗೆ ಸರಿದಿರುತ್ತದೆ. ಜರ್ಮನ್ ಸ್ಕೋಪ್‌ಗಳನ್ನು ನಳಿಕೆಯ ಮೇಲ್ಗಡೆ ಕೂರಿಸಲಾಗುತ್ತಿತ್ತು. ಬದಿಯ ಜೋಡಣೆಯನ್ನು ಪ್ರಿಚರ್ಡರು ತೀವ್ರವಾಗಿ ಟೀಕಿಸಿದರು.

ಲಿಂಘೆಮ್ ಶಾಲೆ

1916ರಲ್ಲಿ ಫ್ರಾನ್ಸಿನ ಉತ್ತರ ಭಾಗದ ಲಿಂಘೆಮ್ ಎಂಬ ಹಳ್ಳಿಯ ಬಳಿ ಬ್ರಿಟಿಷ್ ಸೇನೆಯ ಮೊದಲನೆಯ ಆರ್ಮಿಗಾಗಿ ಸ್ನೈಪಿಂಗ್, ವೀಕ್ಷಣೆ ಮತ್ತು ಬೇಹುಗಾರಿಕೆಯ ಶಾಲೆ ಪ್ರಾರಂಭವಾಯಿತು. ಪ್ರಿಚರ್ಡರು ಅದರ ಸ್ಥಾಪಕ ಮುಖ್ಯಸ್ಥರು. ಬ್ರಿಟಿಷರಲ್ಲದೆ ಪೋರ್ಚುಗಲ್ ಮೊದಲಾದ ಮಿತ್ರದೇಶಗಳ ಸೈನಿಕರೂ ಇಲ್ಲಿ ಕಲಿತರು. ಪ್ರಿಚರ್ಡರ ಸೇವೆಗೆ ಪೋರ್ಚುಗಲ್ ಸರ್ಕಾರವೂ ಗೌರವ ಸಲ್ಲಿಸಿತು.

ಶಾಲೆಯ ಪಾಠಗಳಲ್ಲಿ ಗುಂಡು ಹಾರಿಸುವುದು ಒಂದು ಭಾಗ ಮಾತ್ರ. ರೈಫಲಿನ ಮತ್ತು ಸ್ಕೋಪಿನ ಆರೈಕೆ, ಗುಂಡುಗಳ ಗುಂಪನ್ನು ನೋಡಿ ಗುರಿ ಹೊಂದಿಸುವುದು, ಅಂತರದ ಅಂದಾಜು, ಗಾಳಿಯ ಲೆಕ್ಕ, ಮರೆಮಾಚುವ ಉಡುಪು, ನಕ್ಷೆ ಓದುವುದು, ಕಂಡದ್ದನ್ನು ಬರೆದಿಡುವುದು ಎಲ್ಲವೂ ಅದರಲ್ಲಿದ್ದವು. ಸ್ನೈಪರ್‌ನ ಜೊತೆಗೆ ವೀಕ್ಷಕನೊಬ್ಬನು ಇರಬೇಕೆಂಬುದು ಪ್ರಿಚರ್ಡರ ದೃಢವಾದ ಅಭಿಪ್ರಾಯ. ರೈಫಲಿನ ಸ್ಕೋಪ್ ಗುರಿಯಿಡಲು ಇರುವ ಸಾಧನ, ಹುಡುಕಲು ಇರುವುದಲ್ಲ. ಹುಡುಕಾಟಕ್ಕೆ ಸ್ಕಾಟ್‌ಲೆಂಡಿನ ಜಿಂಕೆ ಬೇಟೆಗಾರರು ಬಳಸುತ್ತಿದ್ದ, ಸುಮಾರು 20 ಪಟ್ಟು ವರ್ಧನೆಯ, ಎಳೆದು ಉದ್ದ ಮಾಡುವ ದೂರದರ್ಶಕವೇ ತಕ್ಕದ್ದು. ಆ ಬೆಟ್ಟಗಳ ಬೇಟೆ ಸಹಾಯಕರಿಂದ ಕೂಡಿದ್ದ ಲೊವಟ್ ಸ್ಕೌಟ್ಸ್ ದಳದವರನ್ನು ಅವರು ಅತ್ಯುತ್ತಮ ವೀಕ್ಷಕರೆಂದು ಪರಿಗಣಿಸಿದ್ದರು.

ವೀಕ್ಷಣೆಯ ಬೆಲೆಯನ್ನು ತೋರಿಸುವ ಒಂದು ಪ್ರಸಂಗ ಅವರ ಯುದ್ಧ ಸ್ಮರಣೆಯಲ್ಲಿದೆ. ಜರ್ಮನ್ ಕಂದಕದ ದಿಬ್ಬದ ಮೇಲೆ ಒಂದು ಬೆಕ್ಕು ಬಿಸಿಲು ಕಾಯಿಸುತ್ತಿರುವುದನ್ನು ವೀಕ್ಷಕರು ಮತ್ತೆ ಮತ್ತೆ ಕಂಡರು. ಸಾಮಾನ್ಯ ಸೈನಿಕರ ನಡುವೆ ಬೆಕ್ಕು ಸಾಕುವವರು ಅಪರೂಪ. ಆದ್ದರಿಂದ ಅಲ್ಲಿ ಅಧಿಕಾರಿಗಳ ನೆಲೆ ಇರಬೇಕೆಂದು ಊಹಿಸಲಾಯಿತು. ವಿಮಾನದಿಂದ ತೆಗೆದ ಚಿತ್ರಗಳಿಂದಲೂ ಇದಕ್ಕೆ ಪುಷ್ಟಿ ದೊರೆತು, ಫಿರಂಗಿ ದಳಕ್ಕೆ ಆ ಸ್ಥಳವನ್ನು ತಿಳಿಸಲಾಯಿತು.

ಕಂದಕದ ಯುಕ್ತಿಗಳು

ಜರ್ಮನ್ ಕಂದಕದ ದಿಬ್ಬ ಏರುಪೇರಾಗಿ, ಬಗೆಬಗೆಯ ಬಣ್ಣದ ಮರಳು ಚೀಲಗಳಿಂದ ಕೂಡಿರುತ್ತಿತ್ತು. ಕಿಂಡಿ ಎಲ್ಲಿದೆಯೆಂದು ಗುರುತಿಸುವುದು ಕಷ್ಟ. ಬ್ರಿಟಿಷರದ್ದು ಅಚ್ಚುಕಟ್ಟಾಗಿ ಸಮನಾಗಿದ್ದು, ಎದ್ದ ತಲೆ ತಟ್ಟನೆ ಕಾಣುತ್ತಿತ್ತು. ಅಚ್ಚುಕಟ್ಟುತನ ಇಲ್ಲಿ ಮೃತ್ಯುವಿಗೆ ಆಹ್ವಾನವೆಂದು ಮನವರಿಕೆ ಮಾಡಿಕೊಟ್ಟ ಪ್ರಿಚರ್ಡರು ದಿಬ್ಬಗಳನ್ನು ಬೇಕೆಂದೇ ಅಸ್ತವ್ಯಸ್ತಗೊಳಿಸಲು ಸಲಹೆ ನೀಡಿದರು. ಒಂದರ ಹಿಂದೆ ಒಂದು ಉಕ್ಕಿನ ಫಲಕವಿಟ್ಟು, ಹಿಂದಿನದು ಪಕ್ಕಕ್ಕೆ ಜಾರುವಂತೆ ಮಾಡಿದ ಜೋಡಿ ಕಿಂಡಿಯ ಬಳಕೆಯನ್ನೂ ಪ್ರಚುರಪಡಿಸಿದರು; ಎದುರಿನಿಂದ ಬಂದ ಗುಂಡು ಎರಡೂ ಕಿಂಡಿಗಳನ್ನು ದಾಟುವುದು ಅಪರೂಪವಾಗಿತ್ತು.

ಶತ್ರು ಸ್ನೈಪರ್ ಎಲ್ಲಿದ್ದಾನೆಂದು ಕಂಡುಹಿಡಿಯಲು ಕಾಗದದ ಮುದ್ದೆಯಿಂದ ಮಾಡಿದ ಮನುಷ್ಯ ತಲೆಗಳನ್ನು ಬಳಸಲಾಯಿತು. ಇಂತಹ ತಲೆಯನ್ನು ಗಾಡಿಯುಳ್ಳ ಹಲಗೆಯಲ್ಲಿ ನಿಲ್ಲಿಸಿ ನಿಧಾನವಾಗಿ ಮೇಲಕ್ಕೆ ಎತ್ತಲಾಗುತ್ತಿತ್ತು. ಗುಂಡು ತೂರಿ ಹೋದಾಗ ಮುಂದೆ ಹಿಂದೆ ಎರಡು ತೂತು ಬೀಳುತ್ತಿದ್ದವು. ಆ ತೂತುಗಳ ನೇರಕ್ಕೆ ಪೆರಿಸ್ಕೋಪ್ ಹಿಡಿದು ನೋಡಿದರೆ ಗುಂಡು ಬಂದ ಸ್ಥಳ ತಿಳಿಯುತ್ತಿತ್ತು. ತಲೆ ನಿಜವೆಂದು ತೋರಲು ಅದರ ಬಾಯಿಗೆ ಸಿಗರೇಟು ಸಿಕ್ಕಿಸಿ, ಕೆಳಗಿನಿಂದ ರಬ್ಬರ್ ಕೊಳವೆಯ ಮೂಲಕ ಸೇದುವ ಏರ್ಪಾಡೂ ಇತ್ತು.

ಅನಾರೋಗ್ಯ ಮತ್ತು ಮರಣ

ಯುದ್ಧಸೇವೆಗಾಗಿ ಪ್ರಿಚರ್ಡರಿಗೆ ಮಿಲಿಟರಿ ಕ್ರಾಸ್ ಹಾಗೂ ಡಿ.ಎಸ್.ಒ. ಪದಕಗಳು ಸಂದವು, ಮೇಜರ್ ಹುದ್ದೆಗೆ ಏರಿದರು. ಆದರೆ ಕಂದಕಗಳ ಬದುಕು ಅವರ ಆರೋಗ್ಯವನ್ನು ಕೆಡಿಸಿತು. ಯುದ್ಧದ ಕೊನೆಯ ಅವಧಿಯಲ್ಲಿ ರಕ್ತಕ್ಕೆ ನಂಜೇರಿ ಹಾಸಿಗೆ ಹಿಡಿದರು. ಪ್ರತಿಜೈವಿಕ ಔಷಧಗಳಿಲ್ಲದ ಆ ಕಾಲದಲ್ಲಿ ಒಂದರ ಮೇಲೊಂದರಂತೆ ಶಸ್ತ್ರಚಿಕಿತ್ಸೆಗಳು ನಡೆದರೂ ಪೂರ್ಣ ಗುಣವಾಗಲಿಲ್ಲ. ಈ ನಡುವೆಯೇ ತಮ್ಮ ಅನುಭವಗಳನ್ನು ಬರೆದು 1920ರಲ್ಲಿ ಪ್ರಕಟಿಸಿದರು. 1922ರ ಜೂನ್ 14ರಂದು, ತಮ್ಮ 45ನೆಯ ವಯಸ್ಸಿನಲ್ಲಿ ನಿಧನರಾದರು. ಲೇಖಕ ಎರಿಕ್ ಪಾರ್ಕರ್ ಬರೆದ ಅವರ ಜೀವನಚರಿತ್ರೆ 1924ರಲ್ಲಿ ಹೊರಬಂದಿತು.

ಪ್ರಮುಖ ಕೃತಿಗಳು

ವೇರ್ ಬ್ಲ್ಯಾಕ್ ರೂಲ್ಸ್ ವೈಟ್ (1900) – ಹೈಟಿ ಪ್ರವಾಸ
ಥ್ರೂ ದಿ ಹಾರ್ಟ್ ಆಫ್ ಪ್ಯಾಟಗೋನಿಯ (1902) – ಪ್ಯಾಟಗೋನಿಯ ಪ್ರವಾಸ
ಡಾನ್ ಕ್ಯೂಸ್ ಲವ್ ಸ್ಟೋರಿ (1909) – ಕಾದಂಬರಿ, ತಾಯಿಯೊಡನೆ
ಹಂಟಿಂಗ್ ಕ್ಯಾಂಪ್ಸ್ ಇನ್ ವುಡ್ ಅಂಡ್ ವಿಲ್ಡರ್‌ನೆಸ್ (1910) – ಬೇಟೆಯ ಅನುಭವಗಳು
ಥ್ರೂ ಟ್ರ್ಯಾಕ್‌ಲೆಸ್ ಲ್ಯಾಬ್ರಡಾರ್ (1911) – ಲ್ಯಾಬ್ರಡಾರ್ ಪ್ರವಾಸ
ನವೆಂಬರ್ ಜೋ (1913) – ಕಾಡಿನ ಪತ್ತೇದಾರನ ಕಥೆಗಳು
ಸ್ನೈಪಿಂಗ್ ಇನ್ ಫ್ರಾನ್ಸ್ (1920) – ಯುದ್ಧದ ಅನುಭವ ಮತ್ತು ತರಬೇತಿ ಕ್ರಮ

ಪ್ರಭಾವ ಮತ್ತು ಮೌಲ್ಯಮಾಪನ

ಬ್ರಿಟಿಷ್ ಸ್ನೈಪಿಂಗ್ ತರಬೇತಿಯ ಶ್ರೇಯ ಪ್ರಿಚರ್ಡರೊಬ್ಬರಿಗೇ ಸಲ್ಲುವುದಿಲ್ಲ. ಲ್ಯಾಂಗ್‌ಫರ್ಡ್ ಲಾಯ್ಡ್, ಎಫ್. ಎಂ. ಕ್ರಮ್ ಮೊದಲಾದ ಅಧಿಕಾರಿಗಳೂ ಅದೇ ವೇಳೆಯಲ್ಲಿ ಇದೇ ದಿಕ್ಕಿನಲ್ಲಿ ದುಡಿದರು. ಪ್ರಿಚರ್ಡರ ಗ್ರಂಥವು ಒಂದು ಪಕ್ಷದ ಅಧಿಕಾರಿಯ ಸ್ಮರಣೆಯಾಗಿರುವುದರಿಂದ ಅದರ ಎಲ್ಲ ವಿವರಗಳನ್ನೂ ಇತಿಹಾಸಕಾರರು ಯಥಾವತ್ತಾಗಿ ಸ್ವೀಕರಿಸುವುದಿಲ್ಲ. ಆದರೂ ಆ ಕಾಲದ ಸ್ಕೋಪ್‌ಗಳು ನಿಜವಾದ ಬಳಕೆಯಲ್ಲಿ ಹೇಗಿದ್ದವು, ಎಲ್ಲಿ ಸೋತವು ಎಂಬುದಕ್ಕೆ ಅದು ಮುಖ್ಯ ಆಕರವಾಗಿದೆ.

ಯುದ್ಧ ಮುಗಿದ ಮೇಲೆ ಸ್ನೈಪಿಂಗ್ ಶಾಲೆಗಳು ಮುಚ್ಚಿಹೋದವು. ಗಳಿಸಿದ ತಿಳಿವಳಿಕೆಯ ಬಹುಭಾಗವನ್ನು ಸೇನೆ ಮರೆಯಿತು. ಎರಡನೆಯ ಮಹಾಯುದ್ಧದಲ್ಲಿ ಅದನ್ನು ಪುನಃ ಕಲಿಯಬೇಕಾಯಿತು. ಆಗ ಬ್ರಿಟಿಷ್ ಸೇನೆ ಬಳಸಿದ 4ನೆಯ ಸಂಖ್ಯೆಯ ಸ್ನೈಪರ್ ರೈಫಲಿಗೆ 3 ಪಟ್ಟು ಸ್ಥಿರ ವರ್ಧನೆಯ 32ನೆಯ ಸಂಖ್ಯೆಯ ಸ್ಕೋಪನ್ನು ಜೋಡಿಸಲಾಗಿತ್ತು. ಪ್ರತಿಯೊಂದು ಸ್ಕೋಪನ್ನೂ ಒಂದು ನಿರ್ದಿಷ್ಟ ರೈಫಲಿಗೆ ಹೊಂದಿಸಿ, ಒಂದರ ಸಂಖ್ಯೆಯನ್ನು ಇನ್ನೊಂದರ ಮೇಲೆ ನಮೂದಿಸಲಾಗುತ್ತಿತ್ತು. ಕೆನ್ನೆಗೆ ಆಸರೆಯಾಗಿ ಮರದ ತುಂಡನ್ನು ಕೂರಿಸಲಾಗುತ್ತಿತ್ತು. ಇವು ಪ್ರಿಚರ್ಡರ ನೇರ ಕೊಡುಗೆಗಳಲ್ಲವಾದರೂ, 1915ರ ಕಂದಕಗಳಲ್ಲಿ ಅವರು ಕಂಡ ದೋಷಗಳಿಗೆ ಉತ್ತರದಂತಿವೆ. ಹಳೆಯ ಸ್ಥಿರ ವರ್ಧನೆಯ ಸ್ಕೋಪ್‌ಗಳನ್ನು ಸಂಗ್ರಹಿಸುವವರು ಇಂದಿಗೂ ಮಸೂರದ ಸ್ವಚ್ಛತೆಯ ಜೊತೆಗೆ ಸ್ಕೋಪ್ ಮತ್ತು ರೈಫಲಿನ ಸಂಖ್ಯೆಗಳ ಹೊಂದಿಕೆ, ಜೋಡಣೆಯ ಬಿಗಿ ಮತ್ತು ಗುಂಡುಗಳ ಗುಂಪನ್ನು ಪರಿಶೀಲಿಸುತ್ತಾರೆ.